ಕಲ್ಪನೆ ಮಾರಲು ಹೊರಟ ಕಂಪನಿ

‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿ ನೋಡಿದವರಿಗೆ ಮೊದಲ ಕಂತಿನ ಆ ದೃಶ್ಯ ನೆನಪಿರಬಹುದು. ನೆಲಮಾಳಿಗೆಯಲ್ಲಿ ನಾಲ್ವರು ಹುಡುಗರು ಮೇಜಿನ ಸುತ್ತ ಕೂತು ಡೆಮೊಗಾರ್ಗನ್ ಎಂಬ ಪಿಶಾಚಿಗೆ ಹೆದರಿ ಕಿರುಚಾಡುತ್ತಿರುತ್ತಾರೆ. ಅವರು ಆಡುತ್ತಿದ್ದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅದನ್ನು ಮೊದಲು ಅಚ್ಚು ಹಾಕಿದ ಟಿಎಸ್‌ಆರ್ ಕಂಪನಿ ಇವತ್ತು ಇಲ್ಲ.

ಈ ಆಟಕ್ಕೆ ನಮ್ಮಲ್ಲಿ ತೀರಾ ಹತ್ತಿರದ್ದು ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಶುವಾಗಿ ಮಾತಾಡಬೇಕು. ಭಾಗವತರ ಜಾಗದಲ್ಲಿ ‘ಡಂಜನ್ ಮಾಸ್ಟರ್’ ಇರುತ್ತಾರೆ. ಆದರೆ ತಾಳಮದ್ದಳೆಯಲ್ಲಿ ಕರ್ಣ ಸಾಯುವುದು ಎಲ್ಲರಿಗೂ ಗೊತ್ತು. ಇಲ್ಲಿ ಸಾಯುವವರು ಯಾರೆಂಬುದನ್ನು ದಾಳ ಹೇಳುತ್ತದೆ. ‘ನಾನು ಆ ಬಾಗಿಲು ಒದೆಯುತ್ತೇನೆ’ ಎಂದು ಆಟಗಾರ ಹೇಳಿ, ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ. ದೊಡ್ಡ ಅಂಕಿ ಬಿದ್ದರೆ ಬಾಗಿಲು ಮುರಿಯುತ್ತದೆ, ಸಣ್ಣದಾದರೆ ಕಾಲು.

ಇದರ ಹಿಂದಿದ್ದವರು ಇಬ್ಬರು. ಷಿಕಾಗೊದ ವಿಮಾ ಕಂಪನಿಯಲ್ಲಿದ್ದ ಗ್ಯಾರಿ ಗೈಗ್ಯಾಕ್ಸ್ 1970ರಲ್ಲಿ ಕೆಲಸ ಕಳೆದುಕೊಂಡು, ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ ಬೂಟು ರಿಪೇರಿ ಮಾಡುತ್ತಾ, ಪುಟಾಣಿ ಸೈನಿಕರ ಗೊಂಬೆಗಳಿಂದ ಆಡುವ ಯುದ್ಧದಾಟಗಳಿಗೆ ನಿಯಮ ಬರೆಯುತ್ತಿದ್ದರು. ಮಿನೆಸೋಟದ ಡೇವ್ ಆರ್ನೆಸನ್ ಆ ನಿಯಮಗಳನ್ನೇ ಹಿಡಿದು, ಇಡೀ ಸೇನೆಯ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವೀರನನ್ನು ಕೊಟ್ಟು ಆಡಿಸತೊಡಗಿದರು. ಎರಡೂ ಕೂಡಿದಾಗ ಹೊಸ ಆಟವೇ ಹುಟ್ಟಿತು.

1973ರ ಅಕ್ಟೋಬರ್‌ನಲ್ಲಿ ಗೈಗ್ಯಾಕ್ಸ್ ಬಾಲ್ಯದ ಗೆಳೆಯ ಡಾನ್ ಕೇಯ್ ಜೊತೆ ಟಿಎಸ್‌ಆರ್ ಕಂಪನಿ ಕಟ್ಟಿದರು. ಮುದ್ರಣಕ್ಕೆ ದುಡ್ಡು ಸಾಲದಾದಾಗ ಬ್ರಯಾನ್ ಬ್ಲೂಮ್ 2000 ಡಾಲರ್ ತಂದು ಮೂರನೇ ಪಾಲುದಾರರಾದರು. 1974ರಲ್ಲಿ ಮೂರು ತೆಳು ಪುಸ್ತಕಗಳ ರಟ್ಟಿನ ಪೆಟ್ಟಿಗೆ ಹೊರಬಂತು. ಬೆಲೆ 10 ಡಾಲರ್, 1000 ಪ್ರತಿ. ಪೆಟ್ಟಿಗೆಗೆ ಪುಸ್ತಕ ತುಂಬಿದ್ದೆಲ್ಲ ಕೈಯಿಂದಲೇ. ವರ್ಷದೊಳಗೆ ಅಷ್ಟೂ ಖರ್ಚಾದವು.

ಆದರೆ ಸಿಕ್ಕು ಆ ಪೆಟ್ಟಿಗೆಯಲ್ಲೇ ಇತ್ತು. ನಿಯಮ ಒಮ್ಮೆ ಕೈಗೆ ಸಿಕ್ಕಮೇಲೆ ಆಟಗಾರನಿಗೆ ಬೇಕಾದ ಉಳಿದದ್ದೆಲ್ಲ ಅವನ ತಲೆಯಲ್ಲೇ ಇರುತ್ತದೆ. ಐದಾರು ಜನರ ಗುಂಪಿಗೆ ಒಂದೇ ಪ್ರತಿ ಸಾಕು. ಅವರಿಗೇ ಎರಡನೇ ಸಲ ಏನನ್ನು ಮಾರುವುದು? ನನ್ನ ಪ್ರಕಾರ ಟಿಎಸ್‌ಆರ್‌ನ ಇಡೀ ಚರಿತ್ರೆ ಈ ಒಂದು ಪ್ರಶ್ನೆಯ ಜೊತೆಗಿನ ಗುದ್ದಾಟ.

ಮೊದಲು ಸಿಕ್ಕಿದ್ದು ದಾಳ. ನಾಲ್ಕು, ಎಂಟು, ಹನ್ನೆರಡು, ಇಪ್ಪತ್ತು ಮುಖದ ದಾಳಗಳನ್ನು ಶಾಲಾ ಸಾಮಗ್ರಿ ಮಾರುವವರಿಂದ ತರಿಸಿ ಮಾರಿದರು. ಮೆತ್ತನೆ ಪ್ಲಾಸ್ಟಿಕ್ಕಿನ ಅವುಗಳ ಅಂಚು ಬೇಗ ಸವೆಯುತ್ತಿತ್ತು. ಕೊರೆದ ಅಂಕಿಗಳಿಗೆ ಬಣ್ಣವಿರಲಿಲ್ಲ. ಮಕ್ಕಳು ಮೇಣದ ಕ್ರೇಯಾನ್ ಉಜ್ಜಿ, ಮೇಲಿನದ್ದನ್ನು ಒರೆಸಿ, ಗೀರಿನಲ್ಲಿ ಉಳಿದ ಬಣ್ಣದಲ್ಲಿ ಅಂಕಿ ಓದುತ್ತಿದ್ದರು. 1979ರ ಹೊತ್ತಿಗೆ ಬೇಡಿಕೆ ಎಷ್ಟಾಯಿತೆಂದರೆ ದಾಳಗಳೇ ಸಿಗದೆ, ಅಂಕಿ ಅಚ್ಚಾದ ಕಾಗದದ ಚೂರುಗಳನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಚೀಟಿ ಎತ್ತಿ ರಾಕ್ಷಸನ ಜೊತೆ ಹೋರಾಡಿ ಅಂತ.

ರಾಕ್ಷಸ ಎಂದದ್ದು ಸುಮ್ಮನೆ ಅಲ್ಲ. 1977ರಲ್ಲಿ ಬಂದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಭೂತಪ್ರೇತಗಳ ಕೋಶದಲ್ಲಿ ನಮ್ಮ ರಾಕ್ಷಸ ಅದೇ ಹೆಸರಿನಲ್ಲಿದ್ದಾನೆ. ಹುಲಿಯ ತಲೆ, ಠೀವಿಯ ಉಡುಗೆ. 1980ರ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಇನ್ನೂ ಮುಂದೆ ಹೋಗಿ, ಇಂದ್ರ, ಅಗ್ನಿ ಮೊದಲಾದ ದೇವತೆಗಳಿಗೂ ಪ್ರಾಣಶಕ್ತಿಯ ಅಂಕಿ ನಿಗದಿ ಮಾಡಿತು. ಇಂದ್ರನಿಗೆ ಎಷ್ಟು ಪೆಟ್ಟು ಕೊಟ್ಟರೆ ಸೋಲುತ್ತಾನೆಂದು ಲೆಕ್ಕ ಹಾಕಿದ ಪುಸ್ತಕ ಅದು.

ಪುಸ್ತಕ, ಸಾಹಸದ ಕಥಾಹಂದರ, ಡ್ರ್ಯಾಗನ್ ಮಾಸಪತ್ರಿಕೆ, ಟಿ.ವಿ. ಕಾರ್ಟೂನ್ ಒಂದರ ಹಿಂದೊಂದು ಬಂದವು. 1979ರಲ್ಲಿ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಪತ್ರಿಕೆಗಳು ತಪ್ಪನ್ನು ಈ ಆಟದ ಮೇಲೆ ಹೊರಿಸಿದವು. ಸಂಬಂಧವಿಲ್ಲವೆಂದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಮಾರಾಟ ಮಾತ್ರ ಗಗನಕ್ಕೇರಿತ್ತು. ಅದೇ ವರ್ಷ ಆರ್ನೆಸನ್ ತಮ್ಮ ಪಾಲಿನ ಗೌರವಧನಕ್ಕಾಗಿ ಕೋರ್ಟಿಗೆ ಹೋದರು, 1981ರಲ್ಲಿ ರಾಜಿಯಾಯಿತು.

ದುಡ್ಡು ಬಂದಾಗ ಕಂಪನಿ ಹುಚ್ಚೆದ್ದಿತು. ಆಟಕ್ಕೂ ಅದಕ್ಕೂ ಏನು ನಂಟೋ, ಒಂದು ಕಸೂತಿ ಕಂಪನಿಯನ್ನೂ ಕೊಂಡರು. ಕೇಯ್ 1975ರಲ್ಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವರ ಪಾಲು ಕೊಳ್ಳಲು ಗೈಗ್ಯಾಕ್ಸ್ ಬಳಿ ಹಣವಿರಲಿಲ್ಲವಾಗಿ ಷೇರಿನ ಬಹುಪಾಲು ಬ್ಲೂಮ್ ಕುಟುಂಬಕ್ಕೆ ಹೋಗಿತ್ತು. ಅದರ ಫಲ ಹತ್ತು ವರ್ಷಕ್ಕೆ ಕಂಡಿತು. 1985ರಲ್ಲಿ ಬ್ಲೂಮ್ ಸಹೋದರರು ತಮ್ಮ ಷೇರುಗಳನ್ನು ಕಂಪನಿಯ ವ್ಯವಸ್ಥಾಪಕಿಯಾಗಿದ್ದ ಲೊರೇನ್ ವಿಲಿಯಮ್ಸ್ ಅವರಿಗೆ ಮಾರಿದರು. ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯಿಂದ ಹೊರಬಿದ್ದರು.

ವಿಲಿಯಮ್ಸ್ ಅವರನ್ನು ಖಳನಾಯಕಿಯಾಗಿಸುವ ಚಾಳಿ ಅಭಿಮಾನಿಗಳಲ್ಲಿದೆ. ನನಗೆ ಅದು ಪೂರ್ತಿ ನ್ಯಾಯ ಅನ್ನಿಸುವುದಿಲ್ಲ. ಮುಳುಗುತ್ತಿದ್ದ ಕಂಪನಿಯನ್ನು ಅವರು ಇನ್ನೂ ಹನ್ನೊಂದು ವರ್ಷ ತೇಲಿಸಿದರು. ‘ಡ್ರ್ಯಾಗನ್‌ಲ್ಯಾನ್ಸ್’, ‘ಫರ್‌ಗಾಟನ್ ರೆಲ್ಮ್ಸ್’ ಸರಣಿಯ ಕಾದಂಬರಿಗಳನ್ನು ಆಟವಾಡದವರೂ ಓದಿದರು.

ಕುತ್ತು ಬಂದದ್ದು ಲೆಕ್ಕದ ಪುಸ್ತಕದಲ್ಲಿ. ವಿತರಕರಾದ ರ್‍ಯಾಂಡಮ್ ಹೌಸ್, ಪುಸ್ತಕ ಓದುಗರಿಗೆ ಮಾರಾಟವಾಗುವ ಮೊದಲೇ, ಗೋದಾಮಿಗೆ ಬಂದ ಕೂಡಲೇ ಟಿಎಸ್‌ಆರ್‌ಗೆ ಮುಂಗಡ ಕೊಡುತ್ತಿತ್ತು. ಕೈಯಲ್ಲಿ ಕಾಸಿಲ್ಲವೇ? ಇನ್ನೊಂದಿಷ್ಟು ಅಚ್ಚು ಹಾಕಿ ಕಳಿಸಿದರಾಯಿತು! ಮಾರಾಟವಾಗದ್ದು ವಾಪಸ್ ಬಂದರೆ ಮಾತ್ರ ಅಷ್ಟೂ ಸಾಲ. ಹೊಸ ಹೊಸ ಕಲ್ಪನಾಲೋಕಗಳ ಪೆಟ್ಟಿಗೆ ಬಂದಹಾಗೆ ಕೊಳ್ಳುವವರೂ ಹಂಚಿಹೋದರು: ಒಂದು ಲೋಕದವರು ಇನ್ನೊಂದರದ್ದನ್ನು ಮುಟ್ಟುತ್ತಿರಲಿಲ್ಲ. 1996ರಲ್ಲಿ ವಾಪಸಾದ ಮೂಟೆಗಳ ಭಾರ ಹೊರಲಾಗಲಿಲ್ಲ. ಬಾಕಿ ತೀರದೆ ಮುದ್ರಕರು ಅಚ್ಚು ನಿಲ್ಲಿಸಿದರು.

1997ರಲ್ಲಿ ಟಿಎಸ್‌ಆರ್‌ಅನ್ನು ಕೊಂಡದ್ದು ಸಿಯಾಟಲ್ ಬಳಿಯ ವಿಝಾರ್ಡ್ಸ್ ಆಫ್ ದ ಕೋಸ್ಟ್. 1993ರಲ್ಲಿ ಅವರು ತಂದ ‘ಮ್ಯಾಜಿಕ್’ ಇಸ್ಪೀಟಿನಂಥ ಆಟ. ಒಳಗೇನಿದೆಯೆಂದು ತಿಳಿಯದ ಪೊಟ್ಟಣದಲ್ಲಿ ಕಾರ್ಡು, ಹಾಗಾಗಿ ಅದೇ ಗಿರಾಕಿ ವಾರವಾರ ಅಂಗಡಿಗೆ ಬರುತ್ತಾನೆ. ಟಿಎಸ್‌ಆರ್‌ಗೆ ಎಂದೂ ಸಿಗದ ಉತ್ತರ ಅದು. 2000ದಲ್ಲಿ ಹೊಸ ಮಾಲೀಕರು ಟಿಎಸ್‌ಆರ್ ಹೆಸರನ್ನು ಕೈಬಿಟ್ಟರು. ಮೂಲ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಸಾಹಸಕಥೆ ಪ್ರಕಟಿಸಬಹುದೆಂದು ಪರವಾನಗಿಯನ್ನೂ ಕೊಟ್ಟರು. 2023ರ ಜನವರಿಯಲ್ಲಿ ಆ ಪರವಾನಗಿಯನ್ನು ಬಿಗಿ ಮಾಡಲು ಹೋದಾಗ ಆಟಗಾರರು ತಿರುಗಿಬಿದ್ದರು. ಅದೇ ತಿಂಗಳ ಕೊನೆಗೆ ಕಂಪನಿ ಆಗಿನ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು.