ಮೈಯೊಳಗಿನ ಕಾವಲು

ಊರಿಗೆ ತಳವಾರನಿದ್ದಂತೆ ಮೈಗೂ ಒಂದು ಕಾವಲುಂಟು. ಹಗಲು ರಾತ್ರಿಯೆನ್ನದೆ ರಕ್ತದಲ್ಲಿ ಸುತ್ತುವ ಬಿಳಿ ಕಣಗಳೇ ಆ ಕಾವಲಿನವರು. ಇವು ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ರೋಗಾಣು ಹೊಕ್ಕೊಡನೆ ಕೆಲವು ಕಣಗಳು ಅದನ್ನು ನುಂಗಿಬಿಡುತ್ತವೆ; ಮತ್ತೆ ಕೆಲವು ಆ ರೋಗಾಣುವಿಗೇ ಹೊಂದುವಂಥ ಪ್ರತಿಕಾಯಗಳನ್ನು ತಯಾರಿಸುತ್ತವೆ. ಮೊದಲ ಸಲ ಇದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಆದರೆ ಹೋರಾಡಿದ ಕಣಗಳಲ್ಲಿ ಕೆಲವು ಶತ್ರುವಿನ ಗುರುತನ್ನು ನೆನಪಿಟ್ಟುಕೊಂಡು ಉಳಿಯುತ್ತವೆ. ಲಸಿಕೆಯ ಗುಟ್ಟೆಲ್ಲ ಈ ನೆನಪಿನಲ್ಲಿದೆ. ಬಲಗುಂದಿಸಿದ ಇಲ್ಲವೆ ಕೊಂದ ರೋಗಾಣುವನ್ನು ತೋರಿಸಿ, ರೋಗ ಬರುವ ಮೊದಲೇ ಕಾವಲಿಗೆ ಪಾಠ ಹೇಳುವುದೇ ಅದರ ಕೆಲಸ.

ಕಾವಲಿನವನೂ ತಪ್ಪುವುದುಂಟು. ನಮ್ಮ ಕಾಲೇಜಿನ ಹಿಂದಿನ ಬಯಲಿನಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡ ತಾಗಿದರೆ ಕೆಲವರಿಗೆ ಮೈಯೆಲ್ಲ ತುರಿಕೆ. ಗಿಡವೇನೂ ರೋಗಾಣುವಲ್ಲ, ಆದರೂ ಕಾವಲು ಕೂಗೆಬ್ಬಿಸುತ್ತದೆ. ಇದೇ ಅಲರ್ಜಿ. ಇನ್ನು ಕೆಲವರಲ್ಲಿ ಅದು ಮನೆಯವರನ್ನೇ ಕಳ್ಳರೆಂದು ಬಗೆದು ಹೊಡೆಯುತ್ತದೆ. ಕೀಲುಗಳ ಮೇಲೆ ಬಿದ್ದರೆ ಒಂದು ಬಗೆಯ ಸಂಧಿವಾತ. ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ಬಿದ್ದರೆ ಚಿಕ್ಕ ಮಕ್ಕಳಿಗೂ ಮಧುಮೇಹ. ಎಚ್.ಐ.ವಿ.ಯಂತೂ ಕಾವಲಿನವರನ್ನೇ ಕೊಲ್ಲುತ್ತದೆ.

ದಡಾರದ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮ್ಮ ಬಂದಿದ್ದಾಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಕಾದವರು ನಮ್ಮ ಹಿರಿಯರು. ರಕ್ಷಣೆಯಿಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಅದು ಹರಡಬಲ್ಲದು. ರೋಗಿ ಎದ್ದುಹೋದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೂ ವೈರಸ್ ಉಳಿಯಬಲ್ಲದು. ಅದಕ್ಕಿಂತ ಕೇಡಿನ ಸಂಗತಿಯೊಂದುಂಟು. ನೆದರ್ಲೆಂಡ್ಸ್ ದೇಶದಲ್ಲಿ ಲಸಿಕೆ ಹಾಕಿಸದೆ ದಡಾರಕ್ಕೆ ತುತ್ತಾದ ಮಕ್ಕಳ ರಕ್ತವನ್ನು ಪರೀಕ್ಷಿಸಿದ ಸಂಶೋಧನೆ 2019ರಲ್ಲಿ ಪ್ರಕಟವಾಯಿತು. ಹಿಂದಿನ ರೋಗಗಳಿಂದ ಗಳಿಸಿದ್ದ ಪ್ರತಿಕಾಯಗಳಲ್ಲಿ ಶೇಕಡಾ 11ರಿಂದ 73ರಷ್ಟು ಆ ಮಕ್ಕಳಲ್ಲಿ ಅಳಿದುಹೋಗಿದ್ದವು! ದಡಾರ ವಾಸಿಯಾಯಿತೆಂದು ತಾಯಿ ನಿಟ್ಟುಸಿರುಬಿಡುವ ಹೊತ್ತಿಗೆ ಮಗು ಕಲಿತ ಪಾಠವನ್ನೇ ಮರೆತು, ಬೇರೆ ರೋಗಗಳಿಗೆ ಬಾಗಿಲು ತೆರೆದಿರುತ್ತದೆ.

2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಮೊಬೈಲಿನಲ್ಲಿ ಬಂದ ಸುಳ್ಳು ಸುದ್ದಿ ಕೇಳಿ ಹೆದರಿದ ನಮ್ಮ ಅಪ್ಪ, ಆ ದಿನ ನನ್ನನ್ನು ಶಾಲೆಗೆ ಕಳುಹಿಸಲಿಲ್ಲ. ಅವರು ಅಕ್ಷರ ಕಲಿತವರಲ್ಲ. ಆದರೆ ಆ ಸುದ್ದಿಯನ್ನು ಓದಿ ಹೇಳಿದವನು ಕಲಿತವನೇ.

ಸಂಜೆ ಪಕ್ಕದ ಮನೆಯ ಅಕ್ಕ ಬಂದರು. ಅವರ ಮಗಳಿಗೆ ಆಗ ಆರು ವರ್ಷ. ಮೂತ್ರಪಿಂಡದ ಕಾಯಿಲೆಗೆ ಸ್ಟೀರಾಯ್ಡ್ ಔಷಧಿ ನಡೆಯುತ್ತಿತ್ತು. ಈ ಔಷಧಿ ಮೈಯ ಕಾವಲನ್ನು ತಗ್ಗಿಸುವುದರಿಂದ, ಹೆಚ್ಚಿನ ಪ್ರಮಾಣದಲ್ಲಿ ಕೊಡುವಾಗ ದಡಾರದಂಥ ಜೀವಂತ ಲಸಿಕೆ ಹಾಕುವಂತಿಲ್ಲ. ಸುತ್ತಲಿನವರಲ್ಲಿ ಶೇಕಡಾ 95 ಮಂದಿಗೆ ರಕ್ಷಣೆಯಿದ್ದರೆ ಮಾತ್ರ ಇಂಥವರ ಬಳಿ ರೋಗ ಸುಳಿಯದು. ಆಕೆಗೆ ಈ ಲೆಕ್ಕ ಗೊತ್ತಿರಲಿಲ್ಲ. "ಅಣ್ಣಾ, ನನ್ನ ಮಗಳಿಗೆ ಹಾಕಿಸೋ ಹಾಗಿಲ್ಲ. ನಿಮ್ಮ ಹುಡುಗನಿಗೆ ಬಂದರೆ ನಾಳೆ ಇವಳಿಗೂ ಬರುತ್ತೆ" ಎಂದಷ್ಟೇ ಅಂದರು.

ಮರುದಿನ ಅಪ್ಪನೇ ಕೂಲಿ ಬಿಟ್ಟು ನನ್ನನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಆ ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಗಣಿತದ ಲೆಕ್ಕ ಹೇಳಿಸಿಕೊಳ್ಳಲು ನಮ್ಮ ಮನೆಗೆ ಬರುತ್ತಾಳೆ.