ಮುಚ್ಚಿದ ಜೀನನ್ನು ಮತ್ತೆ ತೆರೆದ ಬಗೆ

ಸಿಕಲ್ ಸೆಲ್, ಅಂದರೆ ಕುಡುಗೋಲು ಕಣ ಕಾಯಿಲೆಯ ಜೀನನ್ನು ತಂದೆತಾಯಿ ಇಬ್ಬರಿಂದಲೂ ಪಡೆದು ಹುಟ್ಟಿದ ಮಗು ಮೊದಲ ಕೆಲವು ತಿಂಗಳು ಉಳಿದ ಮಕ್ಕಳಂತೆಯೇ ಇರುತ್ತದೆ. ಆರು ತಿಂಗಳ ಹೊತ್ತಿಗೆ ಕೈಕಾಲು ಊತ, ತಡೆಯಲಾರದ ನೋವು, ರಕ್ತಹೀನತೆ ತಲೆದೋರುತ್ತವೆ. ಜೀನು ಗರ್ಭದಲ್ಲಿದ್ದಾಗಲೇ ಇತ್ತಲ್ಲ, ಅಷ್ಟು ದಿನ ಮಗುವನ್ನು ಕಾಯ್ದದ್ದು ಯಾವುದು? ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಕ್ಕಳ ವೈದ್ಯೆಯಾಗಿದ್ದ ಜಾನೆಟ್ ವಾಟ್ಸನ್ 1948ರಲ್ಲಿ ಬೊಟ್ಟು ಮಾಡಿದ್ದು ಭ್ರೂಣದ ಹಿಮೋಗ್ಲೋಬಿನ್ ಕಡೆಗೆ. ಆ ಹೊಳಹು ಚಿಕಿತ್ಸೆಯಾಗಿ ಮಾಗಲು ಮುಕ್ಕಾಲು ಶತಮಾನವೇ ಹಿಡಿಯಿತು. ಜೀನುಗಳು ಯಾವಾಗ ತೆರೆಯುತ್ತವೆ, ಯಾವಾಗ ಮುಚ್ಚುತ್ತವೆ ಎಂಬುದು ಮೊದಲು ತಿಳಿಯಬೇಕಿತ್ತು.

ನಮ್ಮ ಮೂಳೆಯ ಮಜ್ಜೆ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳನ್ನು ಹುಟ್ಟಿಸುತ್ತದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲಕ್ಕೂ ಮೂಲ ಅಲ್ಲಿರುವ ಆಕರಕೋಶಗಳೇ. ಒಂದೇ ಡಿಎನ್‌ಎ ಹೊತ್ತ ಕೋಶದ ಸಂತಾನ ಇಷ್ಟು ಬಗೆಯಾಗುವುದು ಯಾವ ಜೀನು ತೆರೆದಿದೆ, ಯಾವುದು ಮುಚ್ಚಿದೆ ಎಂಬುದರಿಂದ. ಎರಡು ಮೀಟರ್ ಉದ್ದದ ಡಿಎನ್‌ಎ ಪ್ರೋಟೀನುಗಳಿಗೆ ಸುತ್ತಿಕೊಂಡು ಕೋಶಕೇಂದ್ರದಲ್ಲಿ ಮಡಚಿ ಕುಳಿತಿದೆ. ಬಿಗಿಯಾಗಿ ಸುತ್ತಿದ ಕಡೆ ಜೀನು ಕೆಲಸ ಮಾಡದು. ಸಡಿಲವಾದ ಕಡೆ ನಿಯಂತ್ರಕ ಪ್ರೋಟೀನುಗಳು ಬಂದು ಕೂರುತ್ತವೆ. ಗಾಟಾ-1 ಎಂಬ ಪ್ರೋಟೀನು ಮೇಲುಗೈ ಪಡೆದ ಕೋಶ ಕೆಂಪು ಕಣದ ಹಾದಿ ಹಿಡಿಯುತ್ತದೆ. ಪಿಯು-1 ಹೆಚ್ಚಾದದ್ದು ಬಿಳಿ ಕಣದ ಹಾದಿ. ಒಂದರ ಕೆಲಸಕ್ಕೆ ಇನ್ನೊಂದು ಅಡ್ಡಬರುತ್ತದೆ.

ಈ ಪ್ರೋಟೀನುಗಳು ಕೂರುವ ಜಾಗ ಎಷ್ಟೋ ಸಲ ಜೀನಿನಿಂದ ಬಹು ದೂರ. ವರ್ಧಕಗಳೆಂದು ಕರೆಯುವ ಈ ತುಣುಕುಗಳಿಂದ ಪ್ರೋಟೀನು ತಯಾರಾಗುವುದಿಲ್ಲ. ಡಿಎನ್‌ಎ ಬಾಗಿ ಕುಣಿಕೆಯಾದಾಗ ಅವು ಜೀನಿನ ಹತ್ತಿರ ಬಂದು ಅದನ್ನು ಚುರುಕುಗೊಳಿಸುತ್ತವೆ. ಇದಕ್ಕೆ ಚೆಂದದ ಉದಾಹರಣೆ 11ನೇ ವರ್ಣತಂತುವಿನಲ್ಲಿದೆ. ಅಲ್ಲಿ ಭ್ರೂಣದ ಹಿಮೋಗ್ಲೋಬಿನ್‌ಗೆ ಬೇಕಾದ ಗಾಮಾ ಗ್ಲೋಬಿನ್ ಜೀನುಗಳೂ ಹುಟ್ಟಿದ ಮೇಲಿನ ಹಿಮೋಗ್ಲೋಬಿನ್‌ಗೆ ಬೇಕಾದ ಬೀಟಾ ಜೀನೂ ಒಂದೇ ಸಾಲಿನಲ್ಲಿವೆ. ಸಾಲಿನ ತುದಿಯ ಬಲಶಾಲಿ ವರ್ಧಕಗಳ ಗುಂಪು ಮೊದಲು ಗಾಮಾದತ್ತ, ಜನನದ ಆಸುಪಾಸಿನಲ್ಲಿ ಬೀಟಾದತ್ತ ಬಾಗುತ್ತದೆ. ಸಿಕಲ್ ಸೆಲ್ ದೋಷವಿರುವುದು ಬೀಟಾದಲ್ಲಿ. ಡಿಎನ್‌ಎಯ ಒಂದೇ ಅಕ್ಷರ ತಪ್ಪಿ, ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಒಂದು ಬದಲಾಗುತ್ತದೆ. ಅಷ್ಟಕ್ಕೇ ಹಿಮೋಗ್ಲೋಬಿನ್ ನಾರಿನಂತೆ ಜೋಡಿಸಿಕೊಂಡು ಕಣವನ್ನು ಕುಡುಗೋಲಿನ ಆಕಾರಕ್ಕೆ ಬಗ್ಗಿಸುತ್ತದೆ.

ಗಾಮಾ ಜೀನನ್ನು ಮುಚ್ಚುವವರು ಯಾರು? ದೊಡ್ಡವರಾದ ಮೇಲೂ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಾಗಿ ಉಳಿದವರ ಡಿಎನ್‌ಎ ಹೋಲಿಸಿ ನೋಡಿದಾಗ 2ನೇ ವರ್ಣತಂತುವಿನ ಬಿಸಿಎಲ್11ಎ ಜೀನಿನ ಸುಳಿವು ಸಿಕ್ಕಿತು. ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್, ವಿಜಯ್ ಶಂಕರನ್ ಮತ್ತು ಸಂಗಡಿಗರು ಇದೇ ಆ ತಡೆಗಾರ ಎಂದು 2008ರಲ್ಲಿ ತೋರಿಸಿದರು. ಆದರೆ ಅದನ್ನು ಸುಮ್ಮನೆ ಕಿತ್ತುಹಾಕುವಂತಿಲ್ಲ. ಆಕರಕೋಶಗಳಿಗೂ, ರೋಗನಿರೋಧಕ ಬಿ ಕಣಗಳಿಗೂ, ಮಿದುಳಿಗೂ ಅದು ಬೇಕು. ದಾರಿ ಸಿಕ್ಕಿದ್ದು 2013ರಲ್ಲಿ: ಡೇನಿಯಲ್ ಬಾವರ್ ಮತ್ತಿತರರು ಅದೇ ಜೀನಿನೊಳಗೆ, ಕೆಂಪು ಕಣದ ಪೀಳಿಗೆಯಲ್ಲಿ ಮಾತ್ರ ಕೆಲಸ ಮಾಡುವ ವರ್ಧಕವೊಂದನ್ನು ಗುರುತಿಸಿದರು. ಅದನ್ನು ಕೆಡಿಸುವುದೆಂದರೆ ಮನೆಯ ಮೇನ್ ಸ್ವಿಚ್ ಮುಟ್ಟದೆ ಒಂದು ಕೋಣೆಯ ಫ್ಯೂಸ್ ಮಾತ್ರ ಕಿತ್ತಂತೆ.

ಚಿಕಿತ್ಸೆ ನಡೆಯುವುದು ಹೀಗೆ. ರೋಗಿಯ ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸಿ, ಆ ವರ್ಧಕದಲ್ಲಿ ಗಾಟಾ-1 ಕೂರುವ ಜಾಗವನ್ನು ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಕತ್ತರಿಸುತ್ತಾರೆ. ಕಠಿಣವಾದ ಕೀಮೋಥೆರಪಿಯಿಂದ ಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ಮರಳಿಸುತ್ತಾರೆ. ಅವುಗಳಿಂದ ಹುಟ್ಟುವ ಕೆಂಪು ಕಣಗಳಲ್ಲಿ ಬಿಸಿಎಲ್11ಎ ತಗ್ಗಿ, ಗಾಮಾ ಜೀನು ಮತ್ತೆ ತೆರೆಯುತ್ತದೆ. ದೋಷವಿರುವ ಬೀಟಾ ಜೀನು ಇದ್ದಂತೆಯೇ ಇರುತ್ತದೆ. ಕ್ಯಾಸ್ಜೆವಿ ಹೆಸರಿನ ಈ ಚಿಕಿತ್ಸೆಗೆ ಬ್ರಿಟನ್ 2023ರ ನವೆಂಬರಿನಲ್ಲಿ, ಅಮೆರಿಕ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟವು. ಅಮೆರಿಕದ ನಿಯಂತ್ರಕರು ಪರಿಶೀಲಿಸಿದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ತೀವ್ರ ನೋವಿನ ಬಾಧೆ ಬರಲಿಲ್ಲ.

ಇದು ದೂರದೇಶದ ಸುದ್ದಿ ಎಂದು ನಾವು ಸುಮ್ಮನಿರುವಂತಿಲ್ಲ. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿ-ಪೋಡುಗಳಲ್ಲೂ ಅದು ಇದೆ. ಕ್ಯಾಸ್ಜೆವಿಗೆ 2023ರಲ್ಲಿ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ. ಅದು ಅಗ್ಗವಾಗಲಿ ಎಂದು ಕಾಯುತ್ತ ಕೂರಬೇಕಿಲ್ಲ. ಹೈಡ್ರಾಕ್ಸಿಯೂರಿಯಾ ಎಂಬ ಕಡಿಮೆ ಬೆಲೆಯ ಔಷಧವೂ ಭ್ರೂಣದ ಹಿಮೋಗ್ಲೋಬಿನ್ ಪ್ರಮಾಣವನ್ನು ಹೆಚ್ಚಿಸುತ್ತದೆ. ವೈದ್ಯರ ನಿಗಾದಲ್ಲಿ ನಿತ್ಯ ಕೊಟ್ಟರೆ ನೋವಿನ ಬಾಧೆ ತಗ್ಗುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಆರಂಭಿಸಿದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ತಪಾಸಣೆಗೆ ದಾರಿ ಮಾಡಿದೆ. ಹುಟ್ಟಿದ ಮಗುವಿನ ರಕ್ತವನ್ನು ಆರು ತಿಂಗಳು ತುಂಬುವ ಮೊದಲೇ ಪರೀಕ್ಷಿಸಿದರೆ, ಪ್ರಕೃತಿ ಕೊಟ್ಟ ರಕ್ಷಣೆ ಮುಗಿಯುವ ಹೊತ್ತಿಗೆ ನಮ್ಮ ಆರೈಕೆ ಶುರುವಾಗಬಹುದು. ಕಾಡಂಚಿನ ಆರೋಗ್ಯ ಕೇಂದ್ರದಲ್ಲಿ ಆ ಪರೀಕ್ಷೆಯೂ ಮಾತ್ರೆಯೂ ತಪ್ಪದೆ ಸಿಗುವಂತೆ ಮಾಡುವುದು ಈಗಲೇ ನಮ್ಮಿಂದ ಆಗುವ ಕೆಲಸ.