ಓಡಿಸುವ ಮೊದಲು ತಣಿಸಿ: ಗೇಮಿಂಗ್ ಲ್ಯಾಪ್‌ಟಾಪಿನ ವೇಗ ಮತ್ತು ಬಿಸಿ

ಪೇಟೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಎಂದು ಮಾರುವ ಯಂತ್ರ ಈಗ ಹಳ್ಳಿಯ ಮನೆಗಳಿಗೂ ಬಂದಿದೆ. ಹೆಸರು ಆಟದ್ದಾದರೂ ಅದರಲ್ಲಿ ನಡೆಯುವುದು ಬರೀ ಆಟವಲ್ಲ. ಮದುವೆಯ ವಿಡಿಯೋ ಜೋಡಿಸುವವರು, ಕಟ್ಟಡದ ನಕ್ಷೆ ಬರೆಯುವವರು, ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇದನ್ನೇ ಕೊಳ್ಳುತ್ತಾರೆ. ಒಂದು ಹಂಗಾಮಿನ ತೊಗರಿಯ ದುಡ್ಡೋ ಕಬ್ಬಿನ ಬಿಲ್ಲೋ ಅದಕ್ಕೆ ಹೋಗಿರುತ್ತದೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಯಂತ್ರ ನಿಧಾನವಾಯಿತು ಎನ್ನಿಸತೊಡಗುತ್ತದೆ. ಆಗ ಗೆಳೆಯನೊಬ್ಬ ಹೇಳುತ್ತಾನೆ: "ಓವರ್‌ಕ್ಲಾಕ್ ಮಾಡಪಾ, ಪುಕ್ಕಟೆ ಸ್ಪೀಡ್ ಸಿಗ್ತದ." ಈ ಮಾತಿನಲ್ಲಿ ನಿಜವೆಷ್ಟು, ಅಪಾಯವೆಷ್ಟು, ನಮ್ಮಂಥ ಬಿಸಿಲು ನಾಡಿನಲ್ಲಿ ಇದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಂದು ನೋಡೋಣ.

ಮೊದಲು ಪದದ ಅರ್ಥ ತಿಳಿಯೋಣ. ಪರದೆಯ ಮೇಲಿನ ಚಿತ್ರವನ್ನು ಲೆಕ್ಕ ಹಾಕಿ ಬಿಡಿಸುವ ಚಿಪ್ಪಿಗೆ ಗ್ರಾಫಿಕ್ಸ್ ಚಿಪ್ ಎನ್ನುತ್ತಾರೆ. ಭಜನೆಯಲ್ಲಿ ತಾಳ ಇದ್ದ ಹಾಗೆ ಈ ಚಿಪ್ಪಿಗೂ ಒಂದು ತಾಳ ಉಂಟು. ತಾಳ ಚುರುಕಾದರೆ ಹಾಡುವವರೂ ಚುರುಕಾಗಬೇಕು. ಚಿಪ್ಪಿನ ವೇಗ 1,700 ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ 170 ಕೋಟಿ ತಾಳ ಎಂದರ್ಥ. ತಯಾರಕರು ಗೊತ್ತುಮಾಡಿದ ತಾಳಕ್ಕಿಂತ ಹೆಚ್ಚು ಚುರುಕಾಗಿ ಅದನ್ನು ಓಡಿಸುವುದೇ ಓವರ್‌ಕ್ಲಾಕಿಂಗ್.

ಇಲ್ಲಿ ಒಂದು ಎಚ್ಚರದ ಮಾತು. ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಇರುತ್ತದೆ. ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಈಗಿನ ಲ್ಯಾಪ್‌ಟಾಪಿನಲ್ಲಿ ಈ ಚಿಪ್ ಮುಖ್ಯ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಅದು ಹೋದರೆ ಸಾಮಾನ್ಯವಾಗಿ ಬೋರ್ಡೇ ಹೋದಂತೆ. ರಿಪೇರಿಯ ಖರ್ಚು ಎಷ್ಟೋ ಸಲ ಯಂತ್ರದ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ.

ಬಿಸಿಯ ವಿಷಯವನ್ನು ಹಗುರವಾಗಿ ಎಣಿಸಬೇಡಿ. 2008ರಲ್ಲಿ ಎನ್ವಿಡಿಯಾ ಕಂಪನಿಯ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಎಂದಿಗಿಂತ ಹೆಚ್ಚಾಗಿ ಕೆಡತೊಡಗಿದವು. ಅದರ ವೆಚ್ಚಕ್ಕೆಂದು ತಾನು 15ರಿಂದ 20 ಕೋಟಿ ಡಾಲರ್ ತೆಗೆದಿಡುವುದಾಗಿ ಕಂಪನಿಯೇ ಆ ವರ್ಷದ ಜುಲೈ ತಿಂಗಳಲ್ಲಿ ತಿಳಿಸಿತು. ಅಲ್ಲಿನ ದೋಷ ಚಿಪ್ಪನ್ನು ಕೂರಿಸಿದ ವಸ್ತುವಿನದು, ಓವರ್‌ಕ್ಲಾಕ್ ಮಾಡಿದವರದಲ್ಲ. ಆದರೆ ಪಾಠ ಎಲ್ಲರಿಗೂ ಒಂದೇ. ಚಿಪ್ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ದಿನವೂ ಹೀಗೆ ಹಿಗ್ಗಿ ಕುಗ್ಗಿದರೆ, ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ಮುರಿದಂತೆ, ಅದರ ಅಡಿಯ ಸಣ್ಣ ಬೆಸುಗೆಗಳು ದಣಿಯುತ್ತವೆ. ಏರಿಳಿತ ದೊಡ್ಡದಾದಷ್ಟೂ ದಣಿವು ಬೇಗ.

ಹಾಗಾದರೆ ವೇಗವನ್ನು ತಡೆದು ಹಿಡಿಯುವುದು ಯಾವುದು? ಹಿಂದೆ ಚಿಪ್‌ಗಳು ಒಂದು ನಿಗದಿಯಾದ ತಾಳದಲ್ಲಿ ಓಡುತ್ತಿದ್ದವು. ಎನ್ವಿಡಿಯಾ 2012ರ ಮಾರ್ಚಿನಲ್ಲಿ ಜಿಟಿಎಕ್ಸ್ 680 ಎಂಬ ಕಾರ್ಡಿನ ಜೊತೆ ಜಿಪಿಯು ಬೂಸ್ಟ್ ಎಂಬ ಏರ್ಪಾಟನ್ನು ತಂದಿತು. ಅಂದಿನಿಂದ ಅದರ ಚಿಪ್ ತನ್ನ ಬಿಸಿಯನ್ನೂ ತಾನು ಎಳೆಯುವ ವಿದ್ಯುತ್ತನ್ನೂ ತಾನೇ ಅಳೆದು, ಅವಕಾಶವಿದ್ದರೆ ವೇಗ ಏರಿಸುತ್ತದೆ, ಇಲ್ಲದಿದ್ದರೆ ಇಳಿಸುತ್ತದೆ. ಅಂದರೆ ಜಾಗ ಇದ್ದಷ್ಟು ಓವರ್‌ಕ್ಲಾಕಿಂಗನ್ನು ಅದು ಆಗಲೇ ಮಾಡಿಕೊಂಡಿರುತ್ತದೆ. ಮಿತಿ ಎರಡು: ಒಂದು ವ್ಯಾಟ್, ಇನ್ನೊಂದು ಬಿಸಿ.

ವ್ಯಾಟ್ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ. 2021ರ ಜನವರಿಯಲ್ಲಿ ಪ್ರಕಟವಾದ ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3060 ಚಿಪ್ಪಿಗೆ 60ರಿಂದ 115 ವ್ಯಾಟ್‌ವರೆಗೆ ಎಷ್ಟನ್ನಾದರೂ ಗೊತ್ತುಮಾಡುವ ಅವಕಾಶವನ್ನು ಲ್ಯಾಪ್‌ಟಾಪ್ ಕಟ್ಟುವ ಕಂಪನಿಗಳಿಗೆ ಕೊಡಲಾಗಿತ್ತು. ಅದಕ್ಕೆ ತಕ್ಕಂತೆ ಅದರ ಬೂಸ್ಟ್ ವೇಗ 1,283ರಿಂದ 1,703 ಮೆಗಾಹರ್ಟ್ಸ್. ಹೆಸರು ಒಂದೇ, ಓಟ ಬೇರೆ. ಆದ್ದರಿಂದ ಪಕ್ಕದ ಮನೆಯ ಲ್ಯಾಪ್‌ಟಾಪಿನ ಅಂಕೆಯನ್ನು ನಿಮ್ಮ ಯಂತ್ರಕ್ಕೆ ಹಚ್ಚಬೇಡಿ.

ಎರಡನೆಯ ಮಿತಿ ಬಿಸಿ. ಅನೇಕ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ 87 ಡಿಗ್ರಿಯ ಆಸುಪಾಸಿಗೆ ಬಂದರೆ ತಾನಾಗಿಯೇ ವೇಗ ಇಳಿಸುತ್ತದೆ. ಇದಕ್ಕೆ ಥ್ರಾಟ್ಲಿಂಗ್ ಎಂದು ಹೆಸರು. ಈ ಅಂಚಿನಲ್ಲಿರುವ ಯಂತ್ರವನ್ನು ಓವರ್‌ಕ್ಲಾಕ್ ಮಾಡುವುದೆಂದರೆ, ದಣಿದು ನೊರೆ ಸುರಿಸುತ್ತಿರುವ ಎತ್ತಿಗೆ ಬಾರುಕೋಲು ಬೀಸಿದಂತೆ. ಕ್ಷಣ ಹೊತ್ತು ಓಡೀತು, ಮರುಕ್ಷಣ ಮೊದಲಿಗಿಂತ ನಿಧಾನವಾದೀತು.

ಇನ್ನು ಈ ಬಿಸಿ ಹೊರಗೆ ಹೋಗುವ ದಾರಿ. ಚಿಪ್ಪಿನ ಮೇಲೆ ಅಂಟಿನಂಥ ಒಂದು ಲೇಪ, ಅದರ ಮೇಲೆ ತಾಮ್ರದ ತಟ್ಟೆ, ತಟ್ಟೆಯಿಂದ ಹೊರಡುವ ಚಪ್ಪಟೆ ತಾಮ್ರದ ಕೊಳವೆಗಳು, ಕೊಳವೆಯ ತುದಿಯಲ್ಲಿ ತೆಳುವಾದ ಲೋಹದ ರೆಕ್ಕೆಗಳು, ಅವಕ್ಕೆ ಗಾಳಿ ಬೀಸುವ ಫ್ಯಾನು. ಕೊಳವೆಯೊಳಗೆ ತುಸುವೇ ನೀರು ಇರುತ್ತದೆ. ಒಳಗಿನ ಗಾಳಿಯನ್ನು ತೆಗೆದಿರುವುದರಿಂದ ಆ ನೀರು ಕಡಿಮೆ ಬಿಸಿಗೇ ಆವಿಯಾಗಿ ತುದಿಗೆ ಓಡುತ್ತದೆ, ಅಲ್ಲಿ ಬಿಸಿ ಬಿಟ್ಟುಕೊಟ್ಟು ಹನಿಯಾಗಿ, ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಅನ್ನದ ಪಾತ್ರೆಯ ಮುಚ್ಚಳಕ್ಕೆ ಆವಿ ತಾಗಿ ಹನಿಯಾಗಿ ಬೀಳುವುದನ್ನು ನೀವು ದಿನವೂ ನೋಡುತ್ತೀರಿ. ಇದೂ ಅದೇ.

ಆದರೆ ಕೊನೆಯಲ್ಲಿ ಈ ಬಿಸಿಯನ್ನು ಹೊತ್ತೊಯ್ಯಬೇಕಾದದ್ದು ಕೋಣೆಯ ಗಾಳಿ. ಆ ಗಾಳಿಯೇ ಬಿಸಿಯಾಗಿದ್ದರೆ? ಉದಕಮಂಡಲದ ಕಡೆ ಕೋಣೆಯಲ್ಲಿ 22 ಡಿಗ್ರಿ ಇರುವಾಗ ಚಿಪ್ 65 ಡಿಗ್ರಿಯಲ್ಲಿ ನಿಲ್ಲುತ್ತದೆ ಎಂದುಕೊಳ್ಳಿ. ಅದೇ ಲ್ಯಾಪ್‌ಟಾಪ್, ಅದೇ ಕೆಲಸ, ಅದೇ ಫ್ಯಾನಿನ ವೇಗ. ಅಕ್ಕಲಕೋಟೆಯಲ್ಲಿ ಮೇ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ 42 ಡಿಗ್ರಿ ಇದ್ದರೆ ಚಿಪ್ ಹೆಚ್ಚುಕಡಿಮೆ 85ಕ್ಕೆ ಏರುತ್ತದೆ. ಕೋಣೆ 20 ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಬೇಸಿಗೆ ಎನ್ನಿ, ಉನ್ಹಾಳಾ ಎನ್ನಿ, ಎಂಡಾಕಾಲಂ ಎನ್ನಿ, ಚಿಪ್ಪಿಗೆ ಎಲ್ಲ ಭಾಷೆಯಲ್ಲೂ ಬಿಸಿಲು ಒಂದೇ. ತಣ್ಣನೆಯ ದೇಶದವರು ಬರೆದಿಟ್ಟ ಓವರ್‌ಕ್ಲಾಕಿಂಗ್ ಅಂಕೆಗಳು ನಮ್ಮಲ್ಲಿ ನಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಈಗ ಕೆಲಸದ ಕ್ರಮಕ್ಕೆ ಬರೋಣ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಂಎಸ್ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಣವಿಲ್ಲದೆ ಸಿಗುತ್ತದೆ, ಬೇರೆ ಕಂಪನಿಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ನಿಮ್ಮ ಆಟವನ್ನೋ ಕೆಲಸವನ್ನೋ 20 ನಿಮಿಷ ನಡೆಸಿ, ಕೋಣೆಯ ಬಿಸಿ, ಚಿಪ್ಪಿನ ಬಿಸಿ, ಮೆಗಾಹರ್ಟ್ಸ್, ವ್ಯಾಟ್, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಐದು ಅಂಕೆ ಬರೆದಿಡಿ. ಇದು ಚಾರ್ಜರ್ ಹಚ್ಚಿದಾಗಲೇ ಆಗಬೇಕು. ಬ್ಯಾಟರಿಯ ಮೇಲೆ ಓಡುವಾಗ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪಿಗೆ ಕೊಡುವ ವಿದ್ಯುತ್ತನ್ನು ತಾನೇ ಕಡಿಮೆ ಮಾಡುತ್ತದೆ.

ಮೊದಲನೆಯ ಹೆಜ್ಜೆ ಗಾಳಿ. ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ಕೌದಿಯ ಮೇಲೆ, ತೊಡೆಯ ಮೇಲೆ ಇಟ್ಟು ಓಡಿಸಬೇಡಿ. ಗಾಳಿ ಒಳಗೆ ಹೋಗುವ ಕಂಡಿಗಳು ಸಾಮಾನ್ಯವಾಗಿ ತಳದಲ್ಲಿರುತ್ತವೆ. ಗಟ್ಟಿ ಮಣೆಯ ಮೇಲಿಟ್ಟು ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ. ಸುಗ್ಗಿಯ ದೂಳು, ಹತ್ತಿಯ ನಾರು, ಮಗ್ಗವಿದ್ದ ಮನೆಯಲ್ಲಿ ನೂಲಿನ ಎಳೆ ರೆಕ್ಕೆಗಳಿಗೆ ಕಂಬಳಿಯಂತೆ ಅಂಟಿಕೊಂಡಿರುತ್ತವೆ. ಯಂತ್ರ ಆರಿಸಿ, ಚಾರ್ಜರ್ ಕಿತ್ತು, ಗಾಳಿ ಊದಿ ತೆಗೆಯಿರಿ. ಊದುವಾಗ ಫ್ಯಾನು ಗಿರಗಿರನೆ ತಿರುಗದಂತೆ ತಡೆದು ಹಿಡಿಯಬೇಕು. ಒದ್ದೆ ಬಟ್ಟೆ ಸುತ್ತುವುದು, ಫ್ರಿಜ್ಜಿನಲ್ಲಿಡುವುದು ಬೇಡವೇ ಬೇಡ. ಒಳಗೆ ಹನಿ ಕಟ್ಟಿದರೆ ಬೋರ್ಡಿನ ಕಥೆ ಮುಗಿಯಿತು. ಕೆಲವು ವರ್ಷ ಹಳೆಯದಾದ ಯಂತ್ರದಲ್ಲಿ ಚಿಪ್ಪಿನ ಮೇಲಿನ ಲೇಪ ಒಣಗಿರಬಹುದು. ಅದನ್ನು ಬಲ್ಲವರಿಂದ ಬದಲಾಯಿಸಿಕೊಳ್ಳಿ. ವಾರಂಟಿ ಇದ್ದರೆ ನೀವು ಬಿಚ್ಚುವ ಮೊದಲು ಸೇವಾಕೇಂದ್ರವನ್ನು ಕೇಳಿ.

ಎರಡನೆಯ ಹೆಜ್ಜೆ ಅನಗತ್ಯ ಓಟವನ್ನು ನಿಲ್ಲಿಸುವುದು. ನಿಮ್ಮ ಪರದೆ ಸೆಕೆಂಡಿಗೆ 60 ಸಲ ಮಾತ್ರ ಚಿತ್ರ ಬದಲಿಸುವಂಥದ್ದಾದರೆ, ಚಿಪ್ 110 ಚಿತ್ರ ಬಿಡಿಸಿಕೊಟ್ಟರೂ ಕಣ್ಣಿಗೆ ಬಹುಪಾಲು ಲಾಭವಿಲ್ಲ. ಆಟದ ಸೆಟ್ಟಿಂಗಿನಲ್ಲಿ 60ಕ್ಕೆ ಮಿತಿ ಹಾಕಿ. ಬಿಸಿ ಅಲ್ಲೇ ಇಳಿಯುವುದನ್ನು ಕಾಣುವಿರಿ.

ಮೂರನೆಯ ಹೆಜ್ಜೆ ಅಂಡರ್‌ವೋಲ್ಟಿಂಗ್, ಅಂದರೆ ಚಿಪ್ಪಿಗೆ ಕೊಡುವ ವೋಲ್ಟನ್ನು ಇಳಿಸುವುದು. ಇದನ್ನು ಕೇಳಿದ ಕೂಡಲೇ ನಮ್ಮ ರೈತ ಬಂಧುಗಳು ಗಾಬರಿಯಾಗುತ್ತಾರೆ. ವೋಲ್ಟೇಜ್ ಇಳಿದರೆ ಪಂಪ್‌ಸೆಟ್ಟಿನ ಮೋಟಾರು ಸುಡುತ್ತದೆ ಎಂಬುದು ಎಲ್ಲರ ಅನುಭವ. ಅದು ಸರಿ. ಮೋಟಾರು ನೀರಿನ ಹೊರೆ ಎಳೆಯಲೇಬೇಕಾದ್ದರಿಂದ ವೋಲ್ಟ್ ಕಡಿಮೆಯಾದಾಗ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಚಿಪ್ಪಿನ ಸ್ವಭಾವ ಇದಕ್ಕೆ ತಿರುಗಾಮುರುಗಾ. ವೋಲ್ಟ್ ಇಳಿದರೆ ಅದು ತಣ್ಣಗಾಗುತ್ತದೆ. ತೀರ ಇಳಿದರೆ ಲೆಕ್ಕ ತಪ್ಪಿ ನಿಂತುಬಿಡುತ್ತದೆಯೇ ಹೊರತು ಸುಡುವುದಿಲ್ಲ. ಗೋಡೆಯ ಪ್ಲಗ್ಗಿನ ವೋಲ್ಟಿಗೂ ಇದಕ್ಕೂ ಸಂಬಂಧವಿಲ್ಲ. ಆ ವಿದ್ಯುತ್ತನ್ನು ಚಾರ್ಜರ್ ಮತ್ತು ಬೋರ್ಡ್ ಸೇರಿ ಇಳಿಸುತ್ತ ಬಂದು, ಚಿಪ್ಪಿಗೆ ಸುಮಾರು ಒಂದು ವೋಲ್ಟ್ ಮಾತ್ರ ಮುಟ್ಟಿಸುತ್ತವೆ.

ಲೆಕ್ಕ ಸರಳ. ಚಿಪ್ ಕೆಲಸ ಮಾಡಲು ಎಳೆಯುವ ವಿದ್ಯುತ್ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟಿನ ಜೊತೆ ಅದರ ವರ್ಗದಷ್ಟು ಏರುತ್ತದೆ. 1,700 ಮೆಗಾಹರ್ಟ್ಸ್ ವೇಗಕ್ಕೆ 0.95 ವೋಲ್ಟ್ ಪಡೆಯುತ್ತಿದ್ದ ಚಿಪ್ ಅದೇ ವೇಗವನ್ನು 0.85 ವೋಲ್ಟಿನಲ್ಲಿ ನಿಭಾಯಿಸಿದರೆ ಆ ವಿದ್ಯುತ್ ನೂರಕ್ಕೆ 20ರಷ್ಟು ಇಳಿಯುತ್ತದೆ. 80 ವ್ಯಾಟ್ ಇದ್ದದ್ದು 64ರ ಹತ್ತಿರ ಬರುತ್ತದೆ. ಕಂಪನಿಯವರು ಎಲ್ಲ ಚಿಪ್‌ಗಳೂ ತಪ್ಪದೆ ಓಡಲೆಂದು ತುಸು ಹೆಚ್ಚಿಗೆ ವೋಲ್ಟ್ ಇಟ್ಟಿರುತ್ತಾರೆ. ನಾವು ಕಡಿಮೆ ಮಾಡುವುದು ಆ ಹೆಚ್ಚಿಗೆಯನ್ನು.

ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಏರುಗೆರೆಯೊಂದು ಕಾಣುತ್ತದೆ. ಅಡ್ಡಕ್ಕೆ ವೋಲ್ಟ್, ಲಂಬಕ್ಕೆ ವೇಗ. ಮೊದಲು ಇಡೀ ಗೆರೆಯನ್ನು ಕೆಳಗಿಳಿಸಿ. ಆಮೇಲೆ 850 ಮಿಲಿವೋಲ್ಟಿನ ಚುಕ್ಕೆಯೊಂದನ್ನೇ ನಿಮಗೆ ಬೇಕಾದ ವೇಗಕ್ಕೆ ಎತ್ತಿ, ಸರಿ ಎಂಬ ಗುರುತನ್ನು ಒತ್ತಿ. ಬಲಗಡೆಯ ಗೆರೆ ಸಮತಟ್ಟಾಗುತ್ತದೆ. ಅರ್ಧ ಗಂಟೆ ಓಡಿಸಿ ನೋಡಿ. ನಿಂತುಹೋದರೆ ಅದೇ ವೇಗಕ್ಕೆ 25 ಮಿಲಿವೋಲ್ಟ್ ಹೆಚ್ಚು ಕೊಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದಕ್ಕೆ ಅವಕಾಶ ಇರುವುದಿಲ್ಲ. ಅಂಥವರು ಮೊದಲ ಎರಡು ಹೆಜ್ಜೆಗೇ ನಿಲ್ಲಬೇಕು.

ಇಷ್ಟಾದ ಮೇಲೆ ಮತ್ತೆ ಆ ಐದು ಅಂಕೆ ಬರೆಯಿರಿ. ಎಷ್ಟೋ ಸಲ, ಥ್ರಾಟ್ಲಿಂಗ್ ನಿಂತದ್ದರಿಂದಲೇ ಕಳೆದುಹೋದ ವೇಗ ಮರಳಿ ಬಂದಿರುತ್ತದೆ. ಬಿಸಿ 80ರ ಒಳಗಿದೆ, ಇನ್ನೂ ಬೇಕು ಎನ್ನುವವರು ಮಾತ್ರ ನಾಲ್ಕನೆಯ ಹೆಜ್ಜೆಯಾದ ಓವರ್‌ಕ್ಲಾಕಿಂಗ್‌ಗೆ ಕೈಹಾಕಲಿ. ವೇಗವನ್ನು ಒಮ್ಮೆಗೆ 15 ಅಥವಾ 25 ಮೆಗಾಹರ್ಟ್ಸ್ ಮಾತ್ರ ಏರಿಸಿ. ಪ್ರತಿ ಸಲ ಅರ್ಧ ಗಂಟೆ ಪರೀಕ್ಷಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಹರಿದ ಆಕಾರ ಕಂಡರೆ, ಆಟ ತಾನಾಗಿ ಮುಚ್ಚಿಕೊಂಡರೆ, ಅದು ಚಿಪ್ ಮುಗಿಸುವ ಕೈಕೈ. ಎರಡು ಹೆಜ್ಜೆ ಹಿಂದೆ ಬನ್ನಿ. ವಿಂಡೋಸ್ ಶುರುವಾದಾಗಲೇ ಈ ಸೆಟ್ಟಿಂಗ್ ಜಾರಿಯಾಗುವಂತೆ ಮಾಡುವುದು ವಾರಗಟ್ಟಲೆ ಪರೀಕ್ಷೆಯ ನಂತರದ ಮಾತು. ಲಾಭ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು. ಸೆಕೆಂಡಿಗೆ 50 ಚಿತ್ರ ಇದ್ದದ್ದು 53 ಆಗಬಹುದು, 55 ಆಗಬಹುದು. 100 ಆಗುವುದಿಲ್ಲ. ಚಿಪ್ಪಿನ ಮೂಲ ಬಯೋಸನ್ನು ಬದಲಿಸಿ ವ್ಯಾಟ್ ಮಿತಿ ಮುರಿಯುವ ವಿದ್ಯೆಯೂ ಉಂಟು. ಓದಿನ ಯಂತ್ರ ಮನೆಯಲ್ಲಿ ಒಂದೇ ಇರುವವರಿಗೆ ಅದು ಸಲ್ಲದು.

ಅಂದಹಾಗೆ, 2015ರ ಆರಂಭದಲ್ಲಿ ಎನ್ವಿಡಿಯಾ ತನ್ನ ಡ್ರೈವರಿನ ಮೂಲಕ ಲ್ಯಾಪ್‌ಟಾಪ್ ಚಿಪ್‌ಗಳ ಓವರ್‌ಕ್ಲಾಕಿಂಗನ್ನೇ ಮುಚ್ಚಿಬಿಟ್ಟಿತ್ತು. ಕೊಂಡವರು ಗದ್ದಲ ಎಬ್ಬಿಸಿದ ಮೇಲೆ ಅದೇ ವರ್ಷ ಮತ್ತೆ ತೆರೆಯಿತು. ಯಂತ್ರ ಕೊಂಡವನದು, ಹಕ್ಕೂ ಅವನದು. ಹಾಳಾದರೆ ನಷ್ಟವೂ ಅವನದೇ ಎಂಬುದನ್ನು ಮರೆಯಬಾರದು.

ಕೊನೆಯದಾಗಿ, ಎಲ್ಲರೂ ನೆನಪಿಡಬೇಕಾದ ಮಾತು ಬ್ಯಾಟರಿಯದು. ಸದಾ ಬಿಸಿಯಲ್ಲಿರುವ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ, ಕೆಲವೊಮ್ಮೆ ಉಬ್ಬುತ್ತದೆ. ಕೀಲಿಮಣೆಯ ಕೆಳಗಿನ ಸ್ಪರ್ಶಫಲಕ ಮೇಲೆದ್ದಿದ್ದರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ, ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು ದುರಸ್ತಿಯವರಿಗೆ ತೋರಿಸಿ. ಉಬ್ಬಿದ ಬ್ಯಾಟರಿಯನ್ನು ಒತ್ತುವುದು, ಚುಚ್ಚುವುದು ಬೆಂಕಿಗೆ ಆಹ್ವಾನ. ಆಗ ವೇಗದ ಮಾತಿಲ್ಲ, ಮನೆಯ ಮಾತು.

ಬೇಸಿಗೆಯ ಮಧ್ಯಾಹ್ನ ನಾವು ಎತ್ತನ್ನು ನೊಗಕ್ಕೆ ಹೂಡುವುದಿಲ್ಲ. ಬೆಳಗಿನ ತಂಪಿನಲ್ಲಿ ಹೂಡಿ, ಬಿಸಿಲೇರುವಾಗ ನೆರಳಿಗೆ ಕಟ್ಟುತ್ತೇವೆ. ಲ್ಯಾಪ್‌ಟಾಪಿನ ಭಾರಿ ಕೆಲಸಕ್ಕೂ ಇದೇ ಲೆಕ್ಕ. ವಿಡಿಯೋ ಜೋಡಣೆಯನ್ನು ಮುಂಜಾನೆಗೆ ಇಟ್ಟುಕೊಳ್ಳಿ. ಇವತ್ತು ಸಂಜೆ ಯಂತ್ರವನ್ನು ಕೌದಿಯಿಂದ ಎತ್ತಿ ಮಣೆಯ ಮೇಲಿಟ್ಟು, ಮೊದಲ ಐದು ಅಂಕೆಗಳನ್ನು ಬರೆದುಕೊಳ್ಳಿ. ಉಳಿದದ್ದನ್ನು ಆ ಅಂಕೆಗಳೇ ಹೇಳುತ್ತವೆ.